ಕೊಟ್ಟೆನೆಂಬ ಮಾತು

2018ರ ಮಾರ್ಚ್‌ನಲ್ಲಿ ಸರ್ಕಾರಿ ಕಾಲೇಜಿನಿಂದ ನಿವೃತ್ತನಾದೆ. ಗ್ರಾಚ್ಯುಟಿ, ಕಮ್ಯುಟೇಷನ್, ರಜೆ ನಗದೀಕರಣ ಎಲ್ಲ ಸೇರಿ ಒಂದು ಇಡಿಗಂಟು ಬಂತು. ಸರ್ಕಾರಿ ನೌಕರನಾದ್ದರಿಂದ ಗಂಟಿಗೆ ತೆರಿಗೆಯಿಲ್ಲ. ಅದರಲ್ಲಿ ಹತ್ತು ಲಕ್ಷವನ್ನು ಹೆಂಡತಿಯ ಹೆಸರಿನಲ್ಲಿ ಐದು ವರ್ಷಕ್ಕೆ ಎಫ್‌ಡಿ ಇಟ್ಟೆ. ಮೂವತ್ತೈದು ವರ್ಷ ಸಂಸ್ಕೃತ ಪಾಠ ಮಾಡಿದವನು ನಾನು. ಬ್ಯಾಂಕಿನ ಮೆಟ್ಟಿಲಿಳಿಯುವಾಗ ಬೃಹದಾರಣ್ಯಕದ ಯಾಜ್ಞವಲ್ಕ್ಯ ನೆನಪಾದ. ಮನೆ ಬಿಡುವ ಮುನ್ನ ಮೈತ್ರೇಯಿ, ಕಾತ್ಯಾಯನಿಯರಿಗೆ ಆಸ್ತಿ ಹಂಚಲು ಹೊರಟವನು ಅವನು. ಅವನಿಗಿಲ್ಲದ ಒಂದು ಲೆಕ್ಕ ಮಾತ್ರ ನನ್ನಲ್ಲಿತ್ತು: ಇವಳಿಗೆ ಬೇರೆ ಆದಾಯವಿಲ್ಲ, ಬಡ್ಡಿಗೆ ತೆರಿಗೆ ಬೀಳುವುದಿಲ್ಲ.

ಮರುವರ್ಷ ರಿಟರ್ನ್ಸ್ ಹೊತ್ತಿಗೆ ಆಡಿಟರ್ ಕೇಳಿದರು, "ಸರ್, ದುಡ್ಡು ನಿಮ್ಮದು ತಾನೆ? ಈ ಎಪ್ಪತ್ತು ಸಾವಿರ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತೆ." ನಾನಿದ್ದದ್ದು ಶೇಕಡ 20ರ ಹಂತದಲ್ಲಿ. ಸೆಸ್ ಸೇರಿ 14,560 ರೂಪಾಯಿ.

"ಕೊಟ್ಟಾಯಿತಲ್ಲ, ಸ್ವಾಮಿ!"

"ಹೆಂಡತಿಗೆ ಸುಮ್ಮನೆ ಕೊಟ್ಟಿದ್ದನ್ನ ಕಾನೂನು ನಂಬಲ್ಲ ಸರ್."

ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ 64ನೇ ಕಲಂ ಅದು. ವಿಚಿತ್ರ ನೋಡಿ: ನಮ್ಮಲ್ಲಿ ಗಂಡ ಹೆಂಡತಿಗೆ ಬೇರೆ ಬೇರೆ ಪ್ಯಾನ್, ಬೇರೆ ಬೇರೆ ರಿಟರ್ನ್ಸ್. ಅಮೆರಿಕದಂತೆ ದಂಪತಿಗೆ ಜಂಟಿ ರಿಟರ್ನ್ಸ್ ಇಲ್ಲ. ಇಬ್ಬರೆಂದು ಎಣಿಸುವ ಕಾನೂನೇ ಒಬ್ಬರು ಇನ್ನೊಬ್ಬರಿಗೆ ಕೊಟ್ಟೊಡನೆ ಒಬ್ಬರೇ ಎನ್ನುತ್ತದೆ.

ಮನೆಗೆ ಬಂದು ಕೂಗಾಡಿದೆ. ಹುರಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ರೀ, ಆ ರಸೀದಿ ಎಲ್ಲಿದೆ?"

ಬೀರುವಿನಲ್ಲಿತ್ತು. ಬೀರುವಿನ ಕೀ ನನ್ನ ಜನಿವಾರದಲ್ಲಿತ್ತು. ಬಡ್ಡಿ ಜಮೆಯಾಗುವ ಪಾಸ್‌ಬುಕ್ಕೂ ಅದರ ಪಕ್ಕದಲ್ಲೇ.

ತನ್ನ ಸ್ವತ್ತೆಂಬುದು ಅಳಿದು ಇನ್ನೊಬ್ಬರ ಸ್ವತ್ತೆಂಬುದು ಹುಟ್ಟಿದರೆ ಮಾತ್ರ ದಾನ ಎಂದು ಶಾಸ್ತ್ರಕಾರರ ಲಕ್ಷಣ. ತರಗತಿಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೆನೋ. ಹೋಮದಲ್ಲಿ ಪ್ರತಿ ಆಹುತಿಗೂ 'ನ ಮಮ', ನನ್ನದಲ್ಲ, ಎನ್ನುತ್ತೇವೆ. ತುಪ್ಪ ಬೆಂಕಿಗೆ ಬಿದ್ದಮೇಲೆ ಹಾಗೆನ್ನುವುದು ಸುಲಭ. ಬೀರುವಿನ ಮುಂದೆ ನಿಂತು ಹಾಗೆನ್ನಲು ನನ್ನಿಂದಾಗಿರಲಿಲ್ಲ. ಆಪಸ್ತಂಬ ಧರ್ಮಸೂತ್ರವಂತೂ ದಂಪತಿಗಳ ನಡುವೆ ವಿಭಾಗವೇ ಇಲ್ಲವೆನ್ನುತ್ತದೆ. ಹಾಗಾದರೆ ಆ ಹಣ ಮೊದಲಿಂದಲೂ ಅವಳದು, ನಾನು ಕೊಡುವುದೇನು? ಯಾಜ್ಞವಲ್ಕ್ಯನಂತೆ ಭಾಗ ಮಾಡುವುದಾದರೆ ಕೈ ಬಿಡಬೇಕು. ನನಗೆ ಮನೆಯೊಳಗೆ ಆಪಸ್ತಂಬ, ತೆರಿಗೆಯವರ ಮುಂದೆ ಯಾಜ್ಞವಲ್ಕ್ಯ ಬೇಕಾಗಿದ್ದರು. ಎರಡೂ ಶಾಸ್ತ್ರವೇ, ಬಳಸಿದವನದು ಕಳ್ಳಬುದ್ಧಿ.

ಕಾನೂನು ಅಷ್ಟು ಮೊಂಡಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಎಪ್ಪತ್ತು ಸಾವಿರವನ್ನು ಅವಳು ಮತ್ತೆ ಶೇಕಡ 7ಕ್ಕೆ ಇಟ್ಟರೆ ಬರುವ 4,900 ರೂಪಾಯಿ ಅವಳದೇ ಆದಾಯ. ನಾನು ಕೊಟ್ಟದ್ದರ ಫಲ ನನ್ನದು, ಅವಳು ಕೂಡಿಟ್ಟದ್ದರ ಫಲ ಅವಳದು. ಈ ಸೇರಿಸುವ ಲೆಕ್ಕ ಮದುವೆ ಇರುವಷ್ಟು ಕಾಲ ಮಾತ್ರ. ಮದುವೆಗೆ ಮುಂಚೆ ಕೊಟ್ಟದ್ದಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 1963ರಲ್ಲೇ ಹೇಳಿದೆ. ನಾನು ಸತ್ತಮೇಲೆ ಪೂರ್ತಿ ಬಡ್ಡಿ ಅವಳದು. ನನ್ನ 'ನ ಮಮ'ವನ್ನು ಕಾನೂನು ನಂಬುವುದು ಆಗ.

ಆಗಲೂ ಒಂದು ತಾರತಮ್ಯ ಉಳಿಯುತ್ತದೆ. ನನ್ನ ಪಿಂಚಣಿ ತೆರಿಗೆಯ ಕಣ್ಣಿಗೆ ಸಂಬಳ. ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್. ಅವಳಿಗೆ ಬರುವ ಕುಟುಂಬ ಪಿಂಚಣಿ 'ಇತರ ಮೂಲಗಳ ಆದಾಯ'. ಬಿಡುವುದು ಮೂರನೇ ಒಂದು ಪಾಲು, ಅದೂ 25,000 ಮೀರುವಂತಿಲ್ಲ. ಮೂವತ್ತೈದು ವರ್ಷ ಬೆಳಗಿನ ಎಂಟಕ್ಕೆ ನನ್ನ ಊಟದ ಡಬ್ಬಿ ಕಟ್ಟಿದವಳು ಯಾವ ಇತರ ಮೂಲವೋ, ನಾನರಿಯೆ.

ಅವಳು ರಸೀದಿ ಎಲ್ಲಿದೆಯೆಂದು ಕೇಳಿದ ಆ ಸಂಜೆಯೇ ರಸೀದಿ, ಪಾಸ್‌ಬುಕ್ಕು, ಬೀರುವಿನ ಕೀ ಮೂರನ್ನೂ ಅವಳ ಕೈಗಿಟ್ಟೆ. ಐದು ವರ್ಷವೂ ಆ ಬಡ್ಡಿಯ ತೆರಿಗೆ ನಾನೇ ಕಟ್ಟಿದೆ. ಬಡ್ಡಿಯನ್ನು ಏನು ಮಾಡಿದೆ ಎಂದು ಅವಳನ್ನು ಕೇಳಲಿಲ್ಲ.