ಕಾತ್ಯಾಯನಿಯ ಪಾಲು

ನರಸಿಂಹರಾಜಪುರದ ಸುತ್ತ ಭದ್ರಾ ಹಿನ್ನೀರಿನ ದಡದಲ್ಲಿ ರಜೆ ಕಳೆಯಲೆಂದು ಮನೆ ಮಾಡಿಕೊಂಡವರಿಗೆ ಬೇಸಿಗೆಯಲ್ಲಿ ಒಂದು ನಿರಾಶೆ ಕಾದಿರುತ್ತದೆ. ಆಗ ಎದುರಿಗೆ ನೀರೇ ಇರುವುದಿಲ್ಲ. ಲಕ್ಕವಳ್ಳಿಯ ಅಣೆಕಟ್ಟು ತುಂಬಿದರೆ 186 ಅಡಿ, 71.5 ಟಿಎಂಸಿ. ಆದರೆ ಆ ನೀರನ್ನು ಕಟ್ಟಿ ನಿಲ್ಲಿಸಿದ್ದು ಭದ್ರಾವತಿ, ದಾವಣಗೆರೆ ಕಡೆಯ ಗದ್ದೆ ತೋಟಗಳಿಗೆ. ಬೇಸಿಗೆ ಬೆಳೆಗೆ ಅಲ್ಲಿ ನಾಲೆ ಹರಿದಷ್ಟೂ ಇಲ್ಲಿ ಹಿನ್ನೀರು ದಡ ಬಿಟ್ಟು ದೂರ ಸರಿಯುತ್ತದೆ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಬಂದು ಜಗಲಿಯಲ್ಲಿ ಕೂತವರ ಕಣ್ಣಿಗೆ ಬೀಳುವುದು ಬಿರುಕು ಬಿಟ್ಟ ಕೆಸರು ಮತ್ತು ಮುಳುಗಡೆಯಾದ ಕಾಡಿನ ಒಣ ಬೊಡ್ಡೆಗಳು.

ಅದೇ ಹೊತ್ತಿಗೆ, ನೀರಿಳಿದು ತಲೆಯೆತ್ತಿದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಮಳೆ ಹಿಡಿದು ನೀರೇರುವಷ್ಟರಲ್ಲಿ ಸಂಸಾರ ಮುಗಿಸಿ ಹಾರಿಬಿಡುತ್ತವೆ. ಕಟ್ಟುವ ತಾಪತ್ರಯವಿಲ್ಲ, ಬಿಡುವ ಸಂಕಟವಿಲ್ಲ.

ಮನುಷ್ಯರಿಗೆ ಆ ಅನುಕೂಲವಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಬೇಸಿಗೆ ಪೂರ್ತಿ ಮಳೆಗಾಲದ ಚಾಕರಿಗೇ ಮೀಸಲು. ಸೌದೆ ಒಡೆದು ಕೊಟ್ಟಿಗೆ ಅಟ್ಟಕ್ಕೆ ಸೇರಿಸಬೇಕು, ದರಗು ಗುಡಿಸಿ ಗೊಬ್ಬರದ ಗುಂಡಿಗೆ ತುಂಬಬೇಕು, ತೋಟದ ಬಸಿಗಾಲುವೆ ಎತ್ತಬೇಕು, ಬೇಲಿ ಕಟ್ಟಬೇಕು. ಎಲ್ಲಕ್ಕಿಂತ ಮೊದಲು ಹೆಂಚು ಕೈಯಾಡಿಸಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲಿನ ಸೋಗೆ ಮಾಡುಗಳು ಒಂದೊಂದಾಗಿ ಹೆಂಚಿಗೆ ತಿರುಗಿದವು. ಹಾಗಂತ ಕೆಲಸವೇನೂ ತಪ್ಪಲಿಲ್ಲ. ಸೋಗೆಯನ್ನು ವರ್ಷವರ್ಷ ಹೊದಿಸಬೇಕಿತ್ತು, ಹೆಂಚನ್ನು ವರ್ಷವರ್ಷ ಕೈಯಾಡಿಸಬೇಕು.

ಮಾಡು ಹತ್ತಿದವನು ಹೆಂಚನ್ನು ಸಾಲುಸಾಲಾಗಿ ಎತ್ತುತ್ತಾನೆ. ಅಡಿಯಲ್ಲಿ ಸೇರಿಕೊಂಡ ಎಲೆಪುಡಿ, ಪಾಚಿ, ಇಲಿ ಹೊತ್ತು ತಂದ ಕಸವನ್ನೆಲ್ಲ ಗುಡಿಸುತ್ತಾನೆ. ಮಂಗಗಳು ಹಾರಾಡಿ ಒಡೆದ ಹೆಂಚುಗಳನ್ನು ಕೆಳಗೆ ನಿಂತವರ ಕೈಗೆ ದಾಟಿಸಿ, ಗಟ್ಟಿಯಿದ್ದವನ್ನು ಸೂರಿನ ಕಡೆಯಿಂದ ಮೇಲಕ್ಕೆ ಮತ್ತೆ ಜೋಡಿಸುತ್ತ ಹೋಗುತ್ತಾನೆ. ನಡುವೆ ರೀಪು, ಪಕಾಸುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಪೊಳ್ಳು ಸದ್ದು ಬಂತೋ, ಒಳಗೆ ಒರಲೆ ಹಿಡಿದಿದೆ ಎಂದೇ ಲೆಕ್ಕ. ಒಂದು ಹೆಂಚು ಅರ್ಧ ಇಂಚು ಜರುಗಿ ಕೂತರೂ ಜುಲೈ ತಿಂಗಳಲ್ಲಿ ಒಳಗಿನ ಹಾಸಿಗೆ ಒದ್ದೆ.

ಇಂಥ ದುರಸ್ತಿಯ ಸೀಮೆಯಲ್ಲೇ ಶೃಂಗೇರಿಯ ಶಾರದಾ ಪೀಠವಿದೆ. ಮನೆ, ತೋಟ, ಕಡೆಗೆ ಈ ಮೈ ಕೂಡ ನಿನ್ನದಲ್ಲ ಎಂಬುದು ಅಲ್ಲಿ ಶತಮಾನಗಳಿಂದ ನಡೆದುಬಂದ ಪಾಠ. ಗೀತೆಯ 13ನೇ ಅಧ್ಯಾಯ ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಹೆಂಡತಿ, ಮಕ್ಕಳು, ಮನೆ ಇವಕ್ಕೆ ಅಂಟಿಕೊಳ್ಳದಿರುವುದನ್ನೂ ಸೇರಿಸುತ್ತದೆ. ಹಾಗಾದರೆ ಮೇ ತಿಂಗಳಿಡೀ ಮಾಡಿನ ಮೇಲೆ ಕಳೆಯುವವನು ಅಜ್ಞಾನಿಯೇ? ಅಂಟದೆ ಇರುವವನ ಮನೆಯೂ ಸೋರುತ್ತದಲ್ಲ, ಅದನ್ನು ನೋಡಿಕೊಳ್ಳುವವರು ಯಾರು?

ಪ್ರಶ್ನೆ ಬೃಹದಾರಣ್ಯಕ ಉಪನಿಷತ್ತಿನಷ್ಟು ಹಳೆಯದು. ಯಾಜ್ಞವಲ್ಕ್ಯನಿಗೆ ಇಬ್ಬರು ಹೆಂಡಿರು, ಮೈತ್ರೇಯಿ ಮತ್ತು ಕಾತ್ಯಾಯನಿ. ಮನೆ ಬಿಟ್ಟು ಹೊರಡಲು ನಿಶ್ಚಯಿಸಿದ ಅವನು, ನಿಮ್ಮಿಬ್ಬರಿಗೂ ಆಸ್ತಿ ಹಂಚಿಕೊಡುತ್ತೇನೆ ಎಂದು ಮೈತ್ರೇಯಿಯನ್ನು ಕರೆದು ಹೇಳುತ್ತಾನೆ. ಭೂಮಿಯ ಸಂಪತ್ತೆಲ್ಲ ನನ್ನದಾದರೆ ಅಮರಳಾಗುತ್ತೇನೆಯೇ ಎಂದು ಅವಳು ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ. ಅಲ್ಲಿಂದ ಆತ್ಮದ ಕುರಿತಾದ ಆ ಪ್ರಸಿದ್ಧ ಉಪದೇಶ ಶುರುವಾಗುತ್ತದೆ. ಎರಡು ಅಧ್ಯಾಯಗಳಲ್ಲಿ ಎರಡು ಸಲ ಬರುವ ಈ ಸಂವಾದದಲ್ಲಿ ಕಾತ್ಯಾಯನಿಗೆ ಒಂದೇ ಒಂದು ಮಾತಿಲ್ಲ. ಮೈತ್ರೇಯಿ ಬ್ರಹ್ಮದ ವಿಚಾರ ಮಾಡುವವಳು, ಕಾತ್ಯಾಯನಿಯದು ಹೆಂಗಸರ ತಿಳಿವಳಿಕೆಯಷ್ಟೇ ಎಂದು ನಾಲ್ಕನೇ ಅಧ್ಯಾಯ ಅವಳನ್ನು ಮುಗಿಸಿಬಿಡುತ್ತದೆ. ಮನೆಗೆ ಏನು ಬೇಕು ಎಂದು ನೋಡಿಕೊಳ್ಳುವ ಬುದ್ಧಿ ಅದು ಎಂದು ಶಂಕರರ ಭಾಷ್ಯ ವಿವರಿಸುತ್ತದೆ.

ಮನೆಗೆ ಏನು ಬೇಕು ಎಂದು ನೋಡಿಕೊಳ್ಳುವುದು! ಹೆಂಚು ಎಷ್ಟು ಒಡೆದಿದೆ, ಸೌದೆ ಎಷ್ಟಿದೆ, ಬೀಜದ ಸೌತೆ ಯಾವ ತೊಲೆಗೆ ಕಟ್ಟಿದೆ ಎಂಬ ಈ ಲೆಕ್ಕವನ್ನು ಮಲೆನಾಡಿನಲ್ಲಿ ಯಾರೂ ಹಗುರವಾಗಿ ನೋಡಲಾರರು. ಇದಿಲ್ಲದಿದ್ದರೆ ಬ್ರಹ್ಮದ ವಿಚಾರಕ್ಕೆ ಒಣಗಿದ ಒಂದು ಮಣೆಯೂ ಸಿಕ್ಕುವುದಿಲ್ಲ.

ಸನ್ಯಾಸಿಯ ನಿಯಮವೇ ಇದನ್ನು ಒಪ್ಪಿಕೊಂಡಿದೆ. ಒಂದೆಡೆ ನಿಲ್ಲದೆ ತಿರುಗಬೇಕಾದ ಯತಿ ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತಾನೆ. ಆಷಾಢ ಹುಣ್ಣಿಮೆಯ ವ್ಯಾಸಪೂಜೆಯ ದಿನ ಚಾತುರ್ಮಾಸ್ಯದ ಸಂಕಲ್ಪ. ಶೃಂಗೇರಿಯ ಪದ್ಧತಿಯಲ್ಲಿ ನಾಲ್ಕು ಪಕ್ಷ, ಎಂದರೆ ಭಾದ್ರಪದ ಹುಣ್ಣಿಮೆಯವರೆಗೆ. ಮಳೆಗೆ ದಾರಿಯ ತುಂಬ ಸಣ್ಣ ಜೀವಿಗಳು ಓಡಾಡುತ್ತಿರುತ್ತವೆ, ಅವಕ್ಕೆ ಹಿಂಸೆಯಾಗಬಾರದು ಎಂಬುದು ಕಾರಣ. ಇಂಬಳ ಕಚ್ಚಿಸಿಕೊಂಡು ತೋಟ ತಿರುಗಿದವರಿಗೆ ಆ ಜೀವಿಗಳ ಪರಿಚಯ ಚೆನ್ನಾಗಿಯೇ ಇದೆ. ಸಂಕಲ್ಪದಲ್ಲಿ ಯತಿ ಈ ಕಾರಣ ಹೇಳಿ, ಅಡ್ಡಿಯಿಲ್ಲದಿದ್ದರೆ ಇಲ್ಲಿಯೇ ಇರುತ್ತೇನೆ ಎನ್ನುತ್ತಾನೆ. ಸುಖವಾಗಿರಿ, ನಮ್ಮ ಶಕ್ತಿಯಿದ್ದಷ್ಟು ಸೇವೆ ಮಾಡುತ್ತೇವೆ ಎಂದು ಗೃಹಸ್ಥರು ಉತ್ತರ ಕೊಡುತ್ತಾರೆ. ಜೈನ ಮುನಿಗಳಿಗೂ ಮಳೆಗಾಲದಲ್ಲಿ ಇದೇ ಕಟ್ಟುಪಾಡು. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಗೆ ನಡೆದುಕೊಳ್ಳುವ ಶ್ರಾವಕರಿಗೂ ಅಪರಿಗ್ರಹ ಒಂದು ವ್ರತ, ಆದರೆ ಅವರಿಗೆ ಅದು ಮಿತಿ ಹಾಕಿಕೊಂಡ ವ್ರತ. ಎಲ್ಲವನ್ನೂ ಬಿಟ್ಟವನ ಕೈಗೆ ಆಹಾರ ನೀಡಲು ಯಾರಾದರೂ ಒಲೆ ಹೊತ್ತಿಸಿಯೇ ಇರಬೇಕಲ್ಲ. ಪ್ರಾಣಿಗಳೆಲ್ಲ ಗಾಳಿಯನ್ನು ನಂಬಿ ಬದುಕುವಂತೆ ಉಳಿದ ಆಶ್ರಮಗಳೆಲ್ಲ ಗೃಹಸ್ಥನನ್ನು ನಂಬಿ ಬದುಕುತ್ತವೆ ಎಂದು ಮನುಸ್ಮೃತಿ ಕೂಡ ಮೂರನೇ ಅಧ್ಯಾಯದಲ್ಲಿ ಹೇಳಿದೆ.

ಆದರೆ ಇಲ್ಲಿಗೇ ಗೃಹಸ್ಥನ ಬೆನ್ನು ತಟ್ಟಿ ಎದ್ದುಬಿಡುವ ಹಾಗಿಲ್ಲ. ಶಂಕರರ ಗೀತಾಭಾಷ್ಯ ಅಂಟಿನಲ್ಲಿ ಎರಡು ಬಗೆ ಹೇಳುತ್ತದೆ. ಒಂದು ಬರೀ ಇಷ್ಟ. ಇನ್ನೊಂದು ಅದಕ್ಕಿಂತ ಬಿಗಿ: ಬೇರೆಯವರ ಸುಖ ದುಃಖವನ್ನು ತನ್ನದೇ ಎಂದು, ಅವರ ಬದುಕು ಸಾವನ್ನು ತನ್ನದೇ ಬದುಕು ಸಾವು ಎಂದು ತಿಳಿಯುವುದು. ಹಿನ್ನೀರಿನ ದಡದಲ್ಲಿ ಮನೆ ಕಟ್ಟಿ ಬೆಂಗಳೂರಿನಲ್ಲಿ ಕೂತವನಲ್ಲಿ ಈ ಎರಡನೆಯದನ್ನು ಕಣ್ಣಾರೆ ನೋಡಬಹುದು. ಜೂನ್ ತಿಂಗಳಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ಸಿಸಿಟಿವಿ ಕ್ಯಾಮೆರಾ ಕಪ್ಪಾಯಿತೆಂದರೆ ಅಲ್ಲಿ ಅವನ ನಿದ್ದೆ ಹಾರಿತು. ಮನೆ ನೋಡಿಕೊಳ್ಳುವವರಿಗೆ ಫೋನ್ ಮೇಲೆ ಫೋನ್. ಸಿಗ್ನಲ್ ಇಲ್ಲ. ಮಾಡಿನ ಮೇಲಿನ ಪ್ರತಿ ಹನಿಯೂ ಮುನ್ನೂರು ಕಿಲೋಮೀಟರ್ ಆಚೆ ಅವನ ನೆತ್ತಿಯ ಮೇಲೇ ಬೀಳುತ್ತದೆ. ಅತ್ತ ಮನೆಯಲ್ಲಿರುವ ಹೆಂಗಸು ಸೋರುವಲ್ಲಿ ಬಕೆಟ್ ಇಟ್ಟು, ಬೆಳಗಾದ ಮೇಲೆ ನೋಡೋಣ ಎಂದು ಮಲಗಿದ್ದಾಳೆ. ಮನೆ ಅವಳದ್ದಲ್ಲ, ಕೆಲಸ ಅವಳದ್ದು. ಇಬ್ಬರಲ್ಲಿ ಅಂಟು ಯಾರಿಗೆ ಹೆಚ್ಚು ಎಂದು ಭಾಷ್ಯಕಾರರನ್ನೇ ಕೇಳಿದರೂ ಉತ್ತರಕ್ಕೆ ತಡವಾಗುತ್ತಿರಲಿಲ್ಲ.

ಹಾಗೆಂದು ಅವಳನ್ನು ಜೀವನ್ಮುಕ್ತೆ ಎಂದುಬಿಡುವುದೂ ಮೋಸ. ಅವಳ ನಿಶ್ಚಿಂತೆಗೆ ಕಾರಣ ದಣಿವೂ ಇರಬಹುದು. ಮಿಥಿಲೆ ಹೊತ್ತಿ ಉರಿದರೂ ತನ್ನದೇನೂ ಸುಡುವುದಿಲ್ಲ ಎಂದ ಜನಕರಾಜನನ್ನು ನಮ್ಮಲ್ಲಿ ಬಹಳ ಕೊಂಡಾಡುತ್ತಾರೆ. ಬೆಂಕಿ ಆರಿಸಲು ನೀರು ಹೊತ್ತವರು ಆ ಮಾತು ಕೇಳಿ ಏನೆಂದರೋ! ಮಹಾಭಾರತದ ಶಾಂತಿಪರ್ವದಲ್ಲಿಯೇ ಸುಲಭೆ ಎಂಬ ಭಿಕ್ಷುಣಿ ಜನಕನ ಸಭೆಗೆ ಬಂದು, ಆಳುತ್ತಲೇ ಮುಕ್ತನಾಗಿದ್ದೇನೆ ಎಂಬ ಅವನ ಹೇಳಿಕೆಯನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿದ್ದಾಳೆ.

ಶೃಂಗೇರಿಯ ಪೀಠದಲ್ಲಿ 1380ರಿಂದ 1386ರವರೆಗೆ ಕೂತಿದ್ದ ವಿದ್ಯಾರಣ್ಯರು ಯಾಜ್ಞವಲ್ಕ್ಯನ ವಿಷಯದಲ್ಲಿ ಇನ್ನೂ ನಿಷ್ಠುರರು. ತತ್ತ್ವ ತಿಳಿದ ಮೇಲೂ ಅವನಲ್ಲಿ ವಿದ್ಯೆಯ ಸೊಕ್ಕು ಇತ್ತು, ಹಣದ ಆಸೆ ಇತ್ತು ಎಂದು ಅವರ ‘ಜೀವನ್ಮುಕ್ತಿವಿವೇಕ’ ಸಾಕ್ಷಿ ಸಮೇತ ತೋರಿಸುತ್ತದೆ. ಜನಕನ ಸಭೆಯಲ್ಲಿ ವಾದಕ್ಕೆ ಮುಂಚೆಯೇ ಸಾವಿರ ಹಸುಗಳನ್ನು ಮನೆಗೆ ಹೊಡೆಸಿಕೊಂಡು ಹೋದವನು ಅವನು. ವಾದಕ್ಕೆ ನಿಂತ ಶಾಕಲ್ಯನನ್ನು ಶಪಿಸಿದವನೂ ಅವನೇ. ಅವನು ಮನೆ ಬಿಟ್ಟದ್ದು ಆ ವಾಸನೆಗಳನ್ನು, ಎಂದರೆ ಮನಸ್ಸಿಗೆ ಅಂಟಿದ ಸಂಸ್ಕಾರಗಳನ್ನು, ಕಳೆದುಕೊಳ್ಳುವುದಕ್ಕೆ ಎಂಬುದು ಅವರ ವಿವರಣೆ. ಕೆಟ್ಟ ವಾಸನೆ ಬರಿದೆ ಬಿಟ್ಟರೆ ಹೋಗುವುದಿಲ್ಲ, ಮೈತ್ರಿ, ಕರುಣೆಯಂಥ ಒಳ್ಳೆಯ ವಾಸನೆಯನ್ನು ಆ ಜಾಗದಲ್ಲಿ ರೂಢಿಸಬೇಕು ಎಂದೂ ಅವರು ಹೇಳುತ್ತಾರೆ. ಹಿತ್ತಲು ಮಾಡುವವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಮಲೆನಾಡಿನಲ್ಲಿ ಒಂದು ಮಳೆಗಾಲ ಬೀಳುಬಿಟ್ಟ ನೆಲದಲ್ಲಿ ಕಳೆ ತುಂಬದೆ ಇರುವುದಿಲ್ಲ.

ತೋಟದ ಕತೆ ಬೇರೆ. ಅಲ್ಲಿ ಫಲದ ಆಸೆ ಬಿಡು ಎಂಬ ಉಪದೇಶವನ್ನು ರೋಗವೇ ಮಾಡುತ್ತದೆ. ಕೊಳೆರೋಗಕ್ಕಾದರೂ ಒಂದು ದಾರಿಯಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆಯನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇವತ್ತಿಗೂ ಮಳೆ ಹಿಡಿಯುವ ಮುನ್ನ ಔಷಧಿ ಹೊಡೆಯಲು ಕೊನೆಗಾರನನ್ನು ಗೊತ್ತು ಮಾಡಿಕೊಳ್ಳದವನು ತೋಟದವನೇ ಅಲ್ಲ. ಹಳದಿ ಎಲೆ ರೋಗಕ್ಕೆ ಅಂಥ ಮದ್ದಿಲ್ಲ. 1914ರ ಸುಮಾರಿಗೆ ಕೇರಳದಲ್ಲಿ ಗುರುತಿಸಲಾದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ಹರಡುವುದು ಜಿಗಿಹುಳುವಿನಿಂದ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಇದು ತೋಟಕ್ಕೆ ತೋಟವನ್ನೇ ಬೋಳು ಮಾಡಿದೆ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಆರೇಳು ವರ್ಷ ಕಾಯಬೇಕು. ಅಷ್ಟರಲ್ಲಿ ಎಲೆ ಹಳದಿಗೆ ತಿರುಗೀತು ಎಂಬ ಅನುಮಾನವಿದ್ದೂ ನೆಡುವವರಿದ್ದಾರೆ. ನಡುವೆ ಕಾಫಿ ಇಟ್ಟು, ಮರಕ್ಕೆ ಮೆಣಸು ಹಬ್ಬಿಸಿ ಹೇಗೋ ತೂಗಿಸುವವರೂ ಇದ್ದಾರೆ. ಕೆಲವು ಮನೆಗಳ ಮಕ್ಕಳು ಪಟ್ಟಣ ಸೇರಿದ್ದಾರೆ. ಅಜ್ಜನ ಮನೆ ಅವರಿಗೀಗ ರಜೆಯ ಮನೆ.

ಇದೇ ಮನೆಗಳ ಅಂಗಳದ ಅಂಚಿನಲ್ಲಿ ಡೇರೆ ಹೂವಿನ ಸಾಲಿರುತ್ತದೆ. ಗೆಡ್ಡೆಯನ್ನು ಬೇಸಿಗೆಯಲ್ಲಿ ಕಾಪಾಡಿ, ಮಳೆಯ ಮೊದಲ ಸೂಚನೆಗೆ ನೆಟ್ಟರೆ ಜಡಿಮಳೆಯ ನಡುವೆ ತಟ್ಟೆಯಗಲದ ಹೂ. ಹೆಂಗಸರು ಇದನ್ನು ಕಾಪಾಡುವ ಕ್ರಮ ವಿಶೇಷವಾದದ್ದು. ಹೊಸ ಬಣ್ಣದ ಗಿಡ ಒಬ್ಬರಲ್ಲಿದ್ದರೆ ಗೆಡ್ಡೆಯೋ ಕುಡಿಯೋ ನೆಂಟರಿಗೆ, ನೆರೆಯವರಿಗೆ, ತವರಿಗೆ ಹೋಗುತ್ತದೆ. ಮಳೆ ಹೆಚ್ಚಾಗಿ ತಮ್ಮಲ್ಲಿಯದು ಕೊಳೆತರೆ ಕೊಟ್ಟಲ್ಲಿಂದ ವಾಪಸು ಬರುತ್ತದೆ. ತನ್ನಲ್ಲೇ ಇರಲಿ ಎಂದು ಮುಚ್ಚಿಟ್ಟವಳ ಬಣ್ಣ ಒಂದೇ ಜೋರು ಮಳೆಗಾಲಕ್ಕೆ ಹೊರಟುಹೋಗಬಹುದು. ಅಪರಿಗ್ರಹವನ್ನು ಇಲ್ಲಿ ಯಾರೂ ವ್ರತವೆಂದು ಹಿಡಿದಿಲ್ಲ, ಗಿಡ ಉಳಿಸುವ ಉಪಾಯವಾಗಿ ಅದು ನಡೆದಿದೆ. ಕಾತ್ಯಾಯನಿಯ ತಿಳಿವಳಿಕೆ ಎಂದು ಉಪನಿಷತ್ತು ಬದಿಗಿಟ್ಟದ್ದು ಇಂಥದ್ದನ್ನೇ ಇರಬೇಕು.

ಬಿಡುವ ಮಾತಾಡುವಾಗ ಬಿಡಿಸಲ್ಪಟ್ಟವರನ್ನು ಮರೆಯಬಾರದು. ಹಿನ್ನೀರು ನಿಂತಿರುವುದೇ ಕೆಲವರ ಗದ್ದೆ ಮನೆಗಳ ಮೇಲೆ. 1998ರಲ್ಲಿ ಭದ್ರಾ ಅಭಯಾರಣ್ಯ ಹುಲಿ ಯೋಜನೆಗೆ ಸೇರಿದ ಮೇಲೆ, ಈ ಶತಮಾನದ ಆರಂಭದಲ್ಲಿ ಕಾಡಿನೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೆ ಮತ್ತು ಕೆಳಗೂರಿಗೆ ಹೋದವು. ದೇಶದ ಪುನರ್ವಸತಿಗಳಲ್ಲಿ ಇದು ಚೆನ್ನಾಗಿ ನಡೆದದ್ದು ಎಂದು ಹೆಸರಾಗಿದೆ. ಜಮೀನು ಸಿಕ್ಕಿತು, ಶಾಲೆ ಆಸ್ಪತ್ರೆ ಹತ್ತಿರವಾದವು. ಆದರೂ ಯಾಜ್ಞವಲ್ಕ್ಯನಿಗೆ ಹೊರಡುವ ದಿನವನ್ನು ಬೇರೆಯವರು ಗೊತ್ತು ಮಾಡಿರಲಿಲ್ಲ. ತಾನೇ ಬಿಟ್ಟದ್ದು ವೈರಾಗ್ಯವಾದೀತು, ಬಿಡಿಸಿದ್ದಕ್ಕೆ ಆ ಹೆಸರಿಡುವ ಹಕ್ಕು ಬಿಡಿಸಿದವರಿಗಿಲ್ಲ.

ಹಾಗಾಗಿ ‘ನನ್ನದಲ್ಲ’ ಎಂಬ ಮಾತನ್ನು ಮಲೆನಾಡಿನಲ್ಲಿ ಆಡುವವನನ್ನು ಕೆಲವು ಒಣ ಪ್ರಶ್ನೆ ಕೇಳುವುದು ನ್ಯಾಯ. ಮನೆಯ ಬೀಗದ ಕೈ ಯಾರಲ್ಲಿದೆ? ಹೆಂಚು ಕೈಯಾಡಿಸಿದವನ ಕೂಲಿ ಬಾಕಿ ಇದೆಯೇ? ಪಹಣಿಯಲ್ಲಿ ಯಾರ ಹೆಸರಿದೆ? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ಕಾನೂನು ಕರ್ನಾಟಕಕ್ಕೆ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ‘ನಮಗೇನೂ ಬೇಡ’ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಈಗಲೂ ಇದ್ದಾರೆ. ಆ ತ್ಯಾಗ ಅವರ ಮನಸ್ಸಿನಿಂದ ಬಂದದ್ದೋ, ಅಣ್ಣತಮ್ಮಂದಿರ ಅನುಕೂಲದಿಂದ ಬಂದದ್ದೋ ಎಂದು ಉಪನೋಂದಣಿ ಕಚೇರಿ ಕೇಳುವುದಿಲ್ಲ. ಯಾಜ್ಞವಲ್ಕ್ಯ ಕನಿಷ್ಠ ಹೊರಡುವ ಮುಂಚೆ ಪಾಲಿನ ಮಾತೆತ್ತಿದ. ಅದು ಸರಿಯಾಗಿ ಹಂಚಿಕೆಯಾಯಿತೇ, ಮೈತ್ರೇಯಿ ಬೇಡವೆಂದ ಭಾಗ ಕೂಡ ಕಾತ್ಯಾಯನಿಯ ತಲೆಗೇ ಬಂತೇ, ಅಷ್ಟನ್ನೂ ನೋಡಿಕೊಳ್ಳಲು ಅವಳಿಗೆ ಆಳುಕಾಳು ಸಿಕ್ಕಿದರೇ ಎಂಬುದನ್ನು ಉಪನಿಷತ್ತು ಹೇಳದೆ ಮುಂದಕ್ಕೆ ಹೋಗುತ್ತದೆ.