ಅಂಕಣವೂ ಗೋಡೆಯೂ

ಮನೆಯನ್ನು ಕಟ್ಟುವವನು ಒಬ್ಬ; ಅದರಲ್ಲಿ ಬಾಳುವವರು ಹಲವರು. ಕಟ್ಟಿದವನ ಆಯುಷ್ಯ ತೀರಿದ ಮೇಲೂ ಮನೆ ನಿಂತಿರುತ್ತದೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಕಡೆಗೆ ಅವನ ಹೆಸರನ್ನೂ ಅರಿಯದ ಬಾಡಿಗೆಯವರು ಅದರೊಳಗೆ ಹುಟ್ಟಿ ಬೆಳೆದು, ಮುಪ್ಪಾಗಿ ಕಣ್ಣು ಮುಚ್ಚುತ್ತಾರೆ. ಹೀಗಿರುವಲ್ಲಿ, ಮೊದಲು ಕಟ್ಟಿದವನು ತನ್ನ ಅಂದಿನ ಅನುಕೂಲವನ್ನೇ ಕಲ್ಲು ಗಾರೆಗಳಲ್ಲಿ ಬಿಗಿದಿಟ್ಟು, ಮುಂದಿನವರೆಲ್ಲರೂ ಅದಕ್ಕೆ ಒಗ್ಗಿ ಬಾಳತಕ್ಕದ್ದೆಂದು ವಿಧಿಸುವುದು ನ್ಯಾಯವೆ? ಇದು ಎಂಜಿನಿಯರುಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೆ ಜಾಗ ಸಾಲದ ಪಟ್ಟಣದಲ್ಲಿ ಅದು ಪ್ರತಿಯೊಬ್ಬ ಗೃಹಸ್ಥನ ಬಾಗಿಲಿಗೂ ಬಂದು ನಿಂತಿದೆ.

ಹಾಸನ ತಾಲ್ಲೂಕಿನ ದುದ್ದದ ಸೀಮೆಯಲ್ಲಿ, ಹಳೆಯ ಮೈಸೂರಿನ ಇತರ ಕಡೆಗಳಲ್ಲಿದ್ದಂತೆಯೇ, ಮನೆಯನ್ನು ಅಳೆಯುತ್ತಿದ್ದುದು ಅಡಿಗಳಿಂದಲ್ಲ, ಅಂಕಣಗಳಿಂದ. ಕಂಬದಿಂದ ಕಂಬಕ್ಕೆ ಒಂದು ತೊಲೆ ತಾಳಬಲ್ಲಷ್ಟು ಅಂತರವೇ ಒಂದು ಅಂಕಣ. ಬಡವನಿಗೆ ಎರಡು ಅಂಕಣದ ಮನೆ; ಅನುಕೂಲಸ್ಥನಿಗೆ ಹನ್ನೆರಡು ಅಂಕಣ, ನಡುವೆ ತೊಟ್ಟಿ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಮೇಲೆ ಹೆಂಚು. ಒಳಗಿನ ಭಾರವೆಲ್ಲ ಕಂಬದ ಮೂಲಕ ನೆಲಕ್ಕೆ ಇಳಿಯುತ್ತಿದ್ದುದರಿಂದ, ಕಂಬಗಳ ನಡುವಣ ಗೋಡೆ ಬರಿಯ ಮರೆಯಾಗಿತ್ತು. ಮಗಳು ಹೆರಿಗೆಗೆ ತವರಿಗೆ ಬಂದರೆ ಒಂದು ಅಂಕಣಕ್ಕೆ ತಡಿಕೆ ಕಟ್ಟಿದರೆ ಸಾಕು, ಬಾಣಂತಿಯ ಕೋಣೆ ಸಿದ್ಧ. ಅವಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟ ಮೇಲೆ ತಡಿಕೆ ಬಿಚ್ಚಿ, ಅಲ್ಲಿಯೇ ರಾಗಿಯ ಮೂಟೆಗಳನ್ನು ಒಟ್ಟುತ್ತಿದ್ದರು. ಅಣ್ಣ ತಮ್ಮಂದಿರು ಬೇರೆಯಾದಾಗ ಮನೆಯನ್ನು ಕೆಡವಬೇಕಾಗಿರಲಿಲ್ಲ. ಹಿರಿಯನಿಗೆ ಇಷ್ಟು ಅಂಕಣ, ಕಿರಿಯನಿಗೆ ಇಷ್ಟು ಎಂದು ಪಾಲು ಮಾಡಿ, ನಡುವೆ ಒಂದು ಮಣ್ಣಿನ ಗೋಡೆ ಎಬ್ಬಿಸಿದರೆ ಆಯಿತು. ಆ ಗೋಡೆ ಎದ್ದ ದಿನ ಮನೆಯ ಮುದುಕಿ ಅತ್ತಿರಬಹುದು. ಆದರೆ ಕಂಬ ಅಲುಗುತ್ತಿರಲಿಲ್ಲ.

ಈ ವಿವೇಕಕ್ಕೆ ದೊಡ್ಡ ಸಾಕ್ಷಿಯೊಂದು ಅದೇ ಜಿಲ್ಲೆಯಲ್ಲಿದೆ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯದ ಮಂಟಪವು ಮೊದಲು ತೆರೆದಿದ್ದಿತು. ಇಂದು ಕಾಣುವ ಜಾಲಂಧ್ರಗಳನ್ನು ಕಂಬಗಳ ನಡುವೆ ಸೇರಿಸಿದ್ದು ಅವನ ಮೊಮ್ಮಗನಾದ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಅಜ್ಜನು ಕಟ್ಟಿಸಿದ್ದನ್ನು ಮೊಮ್ಮಗನು ಕೆಡಿಸದೆಯೇ ಬದಲಿಸಿದನು. ಭಾರ ಹೊರುವ ಕೆಲಸವನ್ನು ಕಂಬಗಳಿಗೆ ಒಪ್ಪಿಸಿದ್ದುದರಿಂದಲೇ ಅದು ಸಾಧ್ಯವಾಯಿತು.

ಇನ್ನು ಪಟ್ಟಣದ ಕಡೆಗೆ ತಿರುಗಿದರೆ ಚಿತ್ರವೇ ಬೇರೆ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.2 ಲಕ್ಷದಿಂದ 17.8 ಲಕ್ಷಕ್ಕೆ ಮಾತ್ರ ಏರಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯದು 65 ಲಕ್ಷದಿಂದ 96 ಲಕ್ಷಕ್ಕೆ ಹಾರಿತು. ಹಳ್ಳಿಯ ತೊಟ್ಟಿಮನೆಯಲ್ಲಿ ಬೀಗ ನೇತಾಡುತ್ತಿರುವುದೇಕೆಂಬುದಕ್ಕೆ ಈ ಅಂಕೆಗಳು ಬಹುಮಟ್ಟಿಗೆ ಉತ್ತರ ಹೇಳುತ್ತವೆ. ಊರಿನಲ್ಲಿ ಹತ್ತು ಅಂಕಣ ಪಾಳು ಬಿದ್ದಿರಲು, ಅದೇ ಮನೆಯ ಮಗ ಸೊಸೆ ಮಕ್ಕಳು ಬೆಂಗಳೂರಿನಲ್ಲಿ ಎರಡು ಕೋಣೆಗಳಲ್ಲಿ ಒತ್ತಿಕೊಂಡಿರುತ್ತಾರೆ. ತಂದೆ ಕಾಲು ಸೋತು ಮಗನಲ್ಲಿಗೆ ಬಂದರೆ ಆತನ ಮಂಚಕ್ಕೆ ಎಡೆಯಿಲ್ಲ. ಇಷ್ಟಲಿಂಗ ಪೂಜೆಗೆ ಕೂಡಲು ಅಡುಗೆಮನೆಯ ಮೂಲೆಯೇ ಗತಿ. ಒಂದು ಗೋಡೆಯನ್ನು ಮೂರಡಿ ಸರಿಸಿದ್ದರೆ ಸಾಕಾಗುತ್ತಿತ್ತು. ಅದನ್ನು ಸರಿಸುವಂತಿಲ್ಲ.

ಏಕೆ ಸರಿಸುವಂತಿಲ್ಲ? ಈಗ ಬಹುಮಹಡಿ ಕಟ್ಟಡಗಳನ್ನು ಬೇಗ ಎಬ್ಬಿಸುವುದಕ್ಕಾಗಿ ಅಲ್ಯುಮಿನಿಯಂ ಅಚ್ಚುಗಳನ್ನು ನಿಲ್ಲಿಸಿ, ಗೋಡೆ ಸೂರುಗಳೆರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ಪದ್ಧತಿ ಬಳಕೆಗೆ ಬಂದಿದೆ. ಅಲ್ಲಿ ಗೋಡೆಯೇ ಭಾರ ಹೊರುತ್ತದೆ. ಅದಕ್ಕೆ ಒಂದು ಬಾಗಿಲು ಕೊರೆದರೂ ಮೇಲಿನ ಹತ್ತು ಸಂಸಾರಗಳಿಗೆ ಅಪಾಯ. ಭಾರತ ಸರ್ಕಾರವು 2021ರ ಜನವರಿ 1ರಂದು ಆರು ನಗರಗಳಲ್ಲಿ ಹೊಸ ವಿಧಾನದ ವಸತಿಗಳಿಗೆ ಶಂಕುಸ್ಥಾಪನೆ ಮಾಡಿತು. ಅವುಗಳಲ್ಲಿ ರಾಂಚಿಯಲ್ಲಿ ಇಡೀ ಕೋಣೆಗಳನ್ನೇ ಮೊದಲು ಎರಕ ಹೊಯ್ದು ತಂದು ಒಂದರ ಮೇಲೊಂದು ಪೇರಿಸುವ ಕ್ರಮವನ್ನು ಆರಿಸಿಕೊಳ್ಳಲಾಯಿತು. ಸೂರಿಲ್ಲದವರಿಗೆ ಬೇಗ ಸೂರು ದೊರೆಯುವುದು ಪುಣ್ಯದ ಕೆಲಸವೇ ಸರಿ. ಆದರೆ ಬಿಡಿಭಾಗಗಳಿಂದ ಮನೆ ಕಟ್ಟುವುದರಲ್ಲಿ ಎರಡು ಬಗೆಗಳುಂಟು. ಕಟ್ಟುವವನ ಬೇಗಕ್ಕಾಗಿ ಬಿಡಿಸಿದ್ದು ಒಂದು. ಬಾಳುವವನ ಬದಲಾವಣೆಗಾಗಿ ಬಿಡಿಸಿದ್ದು ಇನ್ನೊಂದು. ಮೊದಲನೆಯದನ್ನು ಎರಡನೆಯದರ ಹೆಸರಿನಲ್ಲಿ ಮಾರುವುದೂ ನಡೆಯುತ್ತಿದೆ.

ಹಾಲೆಂಡಿನ ಹಾಬ್ರಾಕೆನ್ ಎಂಬ ವಾಸ್ತುಶಿಲ್ಪಿಯು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನೇ ಹಿಡಿದನು. ಸಾರ್ವಜನಿಕವಾಗಿ ಕಟ್ಟತಕ್ಕದ್ದು ನೆಲ, ಕಂಬ, ಮೆಟ್ಟಿಲುಗಳ ಆಧಾರವನ್ನು ಮಾತ್ರ. ಒಳಗಿನ ಹಂಚಿಕೆಯನ್ನು ವಾಸಿಸುವವರಿಗೇ ಬಿಡಬೇಕು ಎಂಬುದು ಆತನ ವಾದದ ತಿರುಳು. ದುದ್ದದ ಬಡಗಿಗೆ ಇದನ್ನು ವಿವರಿಸಿದ್ದರೆ ಆತನು ಆಶ್ಚರ್ಯಪಡುತ್ತಿರಲಿಲ್ಲ.

ಬಿಡಿಭಾಗಗಳಿದ್ದ ಮಾತ್ರಕ್ಕೆ ಎಲ್ಲವೂ ಸುಗಮವಾಗುವುದಿಲ್ಲ ಎಂಬುದಕ್ಕೆ ಜಪಾನಿನ ನಿದರ್ಶನವಿದೆ. ಟೋಕಿಯೋದಲ್ಲಿ 1972ರಲ್ಲಿ ಕುರೊಕಾವ ಎಂಬ ಶಿಲ್ಪಿಯು ನಕಗಿನ್ ಗೋಪುರವನ್ನು ಕಟ್ಟಿಸಿದನು. ಎರಡು ಸ್ತಂಭಗಳಿಗೆ 140 ಪುಟ್ಟ ಕೋಣೆಗಳನ್ನು ಪೆಟ್ಟಿಗೆಗಳಂತೆ ತಗುಲಿಹಾಕಿದ್ದಿತು. ಸುಮಾರು 25 ವರ್ಷಕ್ಕೊಮ್ಮೆ ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನು ಹಾಕತಕ್ಕದ್ದೆಂಬ ಸಂಕಲ್ಪ. ಒಂದನ್ನೂ ಬದಲಿಸಲಾಗಲಿಲ್ಲ. ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನವುಗಳನ್ನು ಮೊದಲು ಇಳಿಸಬೇಕು. ವೆಚ್ಚಕ್ಕೆ ಒಡೆಯರೆಲ್ಲರೂ ಒಮ್ಮನಸ್ಸಾಗಬೇಕು. ಅದು ಕೂಡಿಬರದೆ, ತುಕ್ಕು ಹಿಡಿದು, 2022ರಲ್ಲಿ ಗೋಪುರವನ್ನೇ ಬಿಚ್ಚಿಹಾಕಿದರು. ಯಂತ್ರದಲ್ಲಿ ಚಲನೆಯಿದ್ದಿತು, ನೆರೆಹೊರೆಯಲ್ಲಿ ಇರಲಿಲ್ಲ. ಅಂಕಣದ ಮನೆಯಲ್ಲಿ ಪಾಲು ಮಾಡುವಾಗ ಊರಿನ ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಕುಳಿತಿರುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೆ ಪ್ರತಿಯಾಗಿ, ಕಡಮೆ ಹಣದಲ್ಲಿ ಹೆಚ್ಚಿನ ವಿವೇಕ ತೋರಿದ ಪ್ರಯತ್ನಗಳೂ ಉಂಟು. ಇಂದೋರಿನಲ್ಲಿ ಬಾಲಕೃಷ್ಣ ದೋಶಿಯವರು 1980ರ ದಶಕದಲ್ಲಿ ಯೋಜಿಸಿದ ಅರಣ್ಯ ಬಡಾವಣೆಯಲ್ಲಿ ಸುಮಾರು 6,500 ನಿವೇಶನಗಳು. ಕಡುಬಡವರಿಗೆ ಕೊಟ್ಟದ್ದು ಸುಮಾರು 35 ಚದರ ಮೀಟರಿನ ನೆಲ. ಅದರಲ್ಲಿ ತಳಪಾಯ, ನೀರು, ಶೌಚದ ವ್ಯವಸ್ಥೆ. ಕೈಗೆ ಕಾಸು ಬಂದಂತೆ ಕೋಣೆ ಸೇರಿಸಿಕೊಳ್ಳುವುದು ಅವರವರಿಗೆ ಬಿಟ್ಟದ್ದು. ಚಿಲಿ ದೇಶದ ಇಕಿಕೆ ಪಟ್ಟಣದಲ್ಲಿ 2004ರ ಸುಮಾರಿಗೆ ಅರವೇನ ಎಂಬ ಶಿಲ್ಪಿಯು ನೂರಕ್ಕೆ ಹತ್ತಿರ ಸಂಸಾರಗಳಿಗೆ, ಅವರಿದ್ದ ಊರ ನಡುವಣ ಜಾಗದಲ್ಲಿಯೇ, ಅರ್ಧ ಮನೆಯನ್ನು ಕಟ್ಟಿಕೊಟ್ಟು ಉಳಿದರ್ಧಕ್ಕೆ ಬಯಲು ಬಿಟ್ಟನು. ಇಡೀ ಮನೆಗೆ ಸಾಲದ ಹಣದಲ್ಲಿ ಎಲ್ಲವನ್ನೂ ಕಿರಿದಾಗಿ ಕಟ್ಟಿ ಮುಗಿಸುವುದಕ್ಕಿಂತ, ಬಡವನು ತಾನಾಗಿ ಕಟ್ಟಿಕೊಳ್ಳಲಾರದ ಅರ್ಧವನ್ನು ಗಟ್ಟಿಯಾಗಿ ಕಟ್ಟಿಕೊಡುವುದು ಮೇಲೆಂಬುದು ಅಲ್ಲಿಯ ಲೆಕ್ಕ. ಕೊಡುವವನು ಪಡೆಯುವವನ ಕಾಯಕಕ್ಕೂ ಎಡೆಗೊಟ್ಟನೆಂದೇ ಹೇಳಬೇಕು.

ಇಲ್ಲಿ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಂಕಣದ ಮನೆಯನ್ನು ಹೊಗಳುವವರು ಅದರಲ್ಲಿ ಬಾಳಿದ ಹೆಂಗಸರನ್ನು ಕೇಳಿದವರಲ್ಲ. ಹೊಗೆ ತುಂಬಿದ ಕತ್ತಲೆಯ ಅಡುಗೆಮನೆ, ಮಳೆಗಾಲದಲ್ಲಿ ಸೋರುವ ಹೆಂಚು, ಗೆದ್ದಲು ಹಿಡಿದ ಜಂತೆ ಇವೂ ಅದೇ ಮನೆಯವು. ಕೆಲವರನ್ನು ಆ ಮನೆಗಳ ಜಗಲಿಯವರೆಗೂ ಬಿಡುತ್ತಿರಲಿಲ್ಲ. ಶರಣರು ಯಾವುದರ ವಿರುದ್ಧ ನಿಂತರೋ ಅದು ಅಂಕಣಗಳೊಳಗೂ ಇದ್ದಿತು. ಅಷ್ಟು ತೇಗ ಹೊನ್ನೆಗಳನ್ನು ಇಂದು ಕಾಡು ಕೊಡಲಾರದು, ಕೊಡಲೂಬಾರದು. ಗಟ್ಟಿ ಸೂರು ಬೇಕೆಂಬ ಬಡವನ ಹಂಬಲವನ್ನು ಮೋಹವೆಂದು ಕರೆಯುವ ಅಧಿಕಾರ ತಾರಸಿಯ ಮನೆಯಲ್ಲಿರುವವರಿಗಿಲ್ಲ.

ಆದುದರಿಂದ ಹಿಂತಿರುಗಬೇಕಾದ್ದು ಮಣ್ಣಿಗೂ ಮರಕ್ಕೂ ಅಲ್ಲ, ಭಾರವನ್ನೂ ಮರೆಯನ್ನೂ ಬೇರೆಯಾಗಿ ಕಂಡ ಬುದ್ಧಿಗೆ. ಸ್ಥಾವರ ಜಂಗಮಗಳ ವಿಚಾರ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಸ್ಥಾವರವನ್ನು ನೆಚ್ಚಿ ಕೂಡಬಾರದೆಂದಾಗ ಶರಣರು ಮನೆ ಕಟ್ಟಬೇಡಿರೆಂದು ಹೇಳಿದವರಲ್ಲ. ಅವರ ಮನೆಗಳಲ್ಲಿ ದಾಸೋಹ ನಡೆಯುತ್ತಿತ್ತು, ಬರುವವರಿಗೆ ಎಡೆಯಿದ್ದಿತು. ನಿಂತದ್ದು ನಡೆಯುವವರಿಗೆ ಅಡ್ಡವಾಗದಂತೆ ನಿಲ್ಲಬೇಕೆಂಬಷ್ಟೇ ಇಲ್ಲಿ ಪ್ರಕೃತ.

ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ನಿವೇಶನವನ್ನು ಕಷ್ಟಪಟ್ಟು ಕೊಂಡ ಗೃಹಸ್ಥನಿಗೆ ಇದರಲ್ಲಿ ಮಾಡಲು ಬರುವುದು ಬಹಳವಿದೆ. ಕಾಂಕ್ರೀಟಿನ ಕಂಬ ತೊಲೆಗಳನ್ನು ಹೇಗೂ ನಿಲ್ಲಿಸುತ್ತಾನೆ; ಅಂದರೆ ಅಂಕಣ ಅವನಿಗೆ ದೊರೆತೇ ಇದೆ. ಅದನ್ನು ಕೆಡಿಸುವುದು ಬೇರೆ ಸಂಗತಿಗಳು. ನೀರಿನ ಕೊಳವೆಗಳನ್ನು ಮನೆಯ ತುಂಬ ಗೋಡೆಗಳೊಳಗೆ ಹುಗಿದರೆ ಯಾವ ಗೋಡೆಯನ್ನೂ ಮುಟ್ಟುವಂತಿಲ್ಲ. ಅಡುಗೆಮನೆ ಬಚ್ಚಲುಗಳನ್ನು ಒಂದೇ ಮಗ್ಗುಲಿಗೆ ತಂದರೆ ಉಳಿದ ಭಾಗ ಬಿಡುವಾಗುತ್ತದೆ. ಒಳಗೋಡೆಗಳಿಗೆ ಸುಟ್ಟ ಇಟ್ಟಿಗೆಯೇ ಬೇಕೆಂದಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮ ತಂತ್ರಜ್ಞಾನ ವಿಭಾಗವು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಗೊಳಿಸುವ ಇಟ್ಟಿಗೆಯನ್ನು ರೂಢಿಗೆ ತಂದಿತು. ಸೌದೆಯೂ ಉಳಿಯುತ್ತದೆ, ಪಾಯ ಅಗೆದ ಮಣ್ಣು ತಕ್ಕದ್ದಾಗಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಮಹಡಿ ಮನೆಯನ್ನು ಕೊಳ್ಳುವವನಾದರೋ, ನೆಲಕ್ಕೆ ಹಾಸಿದ ಕಲ್ಲಿನ ಹೊಳಪನ್ನು ನೋಡುವ ಮೊದಲು, ಯಾವ ಗೋಡೆ ಭಾರ ಹೊರುತ್ತದೆ, ಯಾವುದು ಹೊರುವುದಿಲ್ಲವೆಂದು ನಕ್ಷೆಯಲ್ಲಿ ಗುರುತು ಮಾಡಿಸಿ ಬರೆಯಿಸಿಕೊಳ್ಳಬೇಕು. ಮೆಟ್ಟಿಲಿನ ವಿಷಯವೂ ಚಿಕ್ಕದಲ್ಲ. ಪಡಸಾಲೆಯ ನಡುವಿನಿಂದ ಮೆಟ್ಟಿಲು ಏರಿಸಿದರೆ ನೋಡುವುದಕ್ಕೆ ಚೆನ್ನ. ಹೊರಗಿನಿಂದ ಏರಿಸಿದರೆ, ನಾಳೆ ಮಗನು ಬೇರೆ ಒಲೆ ಹೂಡಿದಾಗ, ಅಥವಾ ವಿಧವೆಯಾದ ಮಗಳು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ಬದುಕಬೇಕಾಗಿ ಬಂದಾಗ, ಯಾರೂ ಗೋಡೆ ಒಡೆಯಬೇಕಾಗುವುದಿಲ್ಲ.