ಹೆಸರು ಯಾರ ಸ್ವತ್ತು?

ನಮ್ಮ ಕಡೆ ಕೂಸಿಗೆ ಅಜ್ಜನ ಹೆಸರಿಡುವುದು ರೂಢಿ. ನನಗೂ ನಮ್ಮಜ್ಜನ ಹೆಸರೇ. ಹೆಸರಿನ ಸಂಗಡ ಅಜ್ಜನ ಗುಣವೂ ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಇನ್ನೊಂದು ಕಡೆ, ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ಗಾದೆಯೂ ಉಂಟು. ಯಾವುದು ಖರೆ? ದೂರದ ಗ್ರೀಕರ ಒಂದು ಹೆಸರು ಹಿಡಿದು ನೋಡೋಣ.

ಆ ಹೆಸರು ಅಲೆಕ್ಸಾಂಡ್ರೋಸ್. ಗ್ರೀಕ್ ಭಾಷೆಯಲ್ಲಿ ‘ಅಲೆಕ್ಸೈನ್’ ಅಂದರೆ ತಡೆಯುವುದು, ಕಾಯುವುದು. ‘ಅನೇರ್’ ಅಂದರೆ ಗಂಡಸು. ಎರಡೂ ಕೂಡಿದರೆ ಜನರನ್ನು ಕಾಯುವವನು. ಎದುರಾಳಿಗಳನ್ನು ಹಿಮ್ಮೆಟ್ಟಿಸುವವನು ಅಂತಲೂ ಹೇಳಬಹುದು. ಕಾಯುವ ಕೈಯೇ ಹೊಡೆಯುವ ಕೈಯೂ ಹೌದಲ್ಲ!

ಟ್ರಾಯ್ ಪಟ್ಟಣದ ಅರಸುಮಗ ಪ್ಯಾರಿಸನಿಗೆ ಈ ಹೆಸರಿತ್ತು. ಇವನಿಂದ ಊರು ಹಾಳಾಗುತ್ತದೆ ಎಂದು ಹೆದರಿ, ಕೂಸಿದ್ದಾಗಲೇ ಐಡಾ ಬೆಟ್ಟದಲ್ಲಿ ಬಿಟ್ಟುಬಂದರೆಂದು ಕಥೆ. ಅವನು ದನಕುರಿಗಳ ನಡುವೆ ಬೆಳೆದ. ಕಳ್ಳರನ್ನು ಓಡಿಸಿ ಹಿಂಡು ಕಾಯ್ದದ್ದಕ್ಕೆ ಅಲೆಕ್ಸಾಂಡ್ರೋಸ್ ಎನಿಸಿಕೊಂಡ. ಅಂದರೆ ದುಡಿದು ಗಳಿಸಿದ ಹೆಸರು. ಅದೇ ಮನುಷ್ಯ ಮುಂದೆ ಸ್ಪಾರ್ಟಾದ ಅರಸನ ಹೆಂಡತಿ ಹೆಲೆನ್‌ಳನ್ನು ಕರೆತಂದ. ಯುದ್ಧವಾಯಿತು, ಟ್ರಾಯ್ ಸುಟ್ಟುಹೋಯಿತು. ಹಿಂಡು ಕಾಯ್ದವನಿಗೆ ಊರು ಕಾಯುವುದಾಗಲಿಲ್ಲ.

ಮ್ಯಾಸಿಡೋನಿಯದ ಅಲೆಕ್ಸಾಂಡರನಿಗೆ ಹೆಸರು ಮನೆತನದಿಂದಲೇ ಬಂತು. ಆ ಹೆಸರಿನ ಅರಸರಲ್ಲಿ ಅವನು ಮೂರನೆಯವನು. ಕ್ರಿ.ಪೂ. 335ರಲ್ಲಿ ತಿರುಗಿಬಿದ್ದ ಥೀಬ್ಸ್ ನಗರವನ್ನು ನೆಲಸಮ ಮಾಡಿದ. ಆರು ಸಾವಿರ ಜನ ಸತ್ತರು, ಮೂವತ್ತು ಸಾವಿರ ಜನರನ್ನು ಗುಲಾಮರನ್ನಾಗಿ ಮಾರಿದರು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಆತನ ಹೆಸರೇ ಪಾರಸಿಯ ಹಾದಿಯಿಂದ ಸಿಕಂದರ್ ಆಗಿ ನಮ್ಮ ಊರುಗಳಿಗೂ ಬಂತು. ಗೆದ್ದವನೇ ಸಿಕಂದರ್ ಅಂತ ನಾವೂ ಅನ್ನುತ್ತೇವೆ. ನೋಡಿರಿ, ಕಾಯುವವನು ಅಂತಿದ್ದ ಮಾತು ಗೆಲ್ಲುವವನು ಅಂತಾಯಿತು. ಹೆಸರು ಮನುಷ್ಯನನ್ನು ತಿದ್ದಲಿಲ್ಲ. ಮನುಷ್ಯನೇ ಹೆಸರಿನ ಅರ್ಥ ಬದಲಿಸಿದ.

ಇವನಿಗಿಂತ ಸ್ವಲ್ಪ ಮೊದಲು ಫೆರೈ ಎಂಬಲ್ಲಿ ಇನ್ನೊಬ್ಬ ಅಲೆಕ್ಸಾಂಡರ್ ಆಳುತ್ತಿದ್ದ. ಜೀವಂತ ಜನರನ್ನು ಹೂಳಿಸಿದ ಕ್ರೂರಿ. ಒಮ್ಮೆ ಟ್ರಾಯ್ ಹೆಂಗಸರ ದುಃಖದ ನಾಟಕ ನೋಡುತ್ತ ನಡುವೆಯೇ ಎದ್ದುಹೋದನಂತೆ. ತಾನು ಕೊಂದವರಿಗೆ ಎಂದೂ ಮರುಗದವನು ನಾಟಕಕ್ಕೆ ಅತ್ತರೆ ಊರವರ ಮುಂದೆ ನಾಚಿಕೆ ಎಂದು. ಪ್ಲುಟಾರ್ಕ್ ಹೇಳುವ ಸಂಗತಿ ಇದು. ಕಣ್ಣೀರು ಅವನೊಳಗೂ ಇತ್ತು. ಅದಕ್ಕೆ ಅವನು ದಾರಿ ಕೊಡಲಿಲ್ಲ, ಅಷ್ಟೆ.

ಇನ್ನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫ್ಲೆಮಿಂಗ್. ಮೊದಲ ಮಹಾಯುದ್ಧದಲ್ಲಿ ಸೈನಿಕರು ಗಾಯ ಕೀವಾಗಿ ಸಾಯುವುದನ್ನು ಕಂಡ ವೈದ್ಯ. 1928ರಲ್ಲಿ ಒಂದು ಬೂಸಿನಲ್ಲಿ ಪೆನಿಸಿಲಿನ್ ಕಂಡುಹಿಡಿದ. ಜನರನ್ನು ಕಾಯುವವನು ಎಂಬ ಮಾತು ಇವನಿಗೆ ಒಪ್ಪುತ್ತದೆ. ಆದರೆ ಅದನ್ನು ಔಷಧಿಯಾಗಿಸಿ ಇವನ ಸಂಗಡ 1945ರ ನೊಬೆಲ್ ಪಡೆದ ಹೋವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಇವರೇನು ಅಲೆಕ್ಸಾಂಡರರಲ್ಲ. ಕಾಯುವುದಕ್ಕೆ ಆ ಹೆಸರೇ ಬೇಕೆಂದಿಲ್ಲ.

ಹಾಗಾದರೆ ಹೆಸರು ಬರೀ ಸದ್ದೇ? ನಾನೂ ಹಾಗೇ ತಿಳಿದಿದ್ದೆ. ನಮ್ಮಜ್ಜ ಎಂಥ ಬರದಲ್ಲೂ ನಮ್ಮ ಬಾವಿಗೆ ಬಂದವರನ್ನು ಬರಿಗೊಡದಲ್ಲಿ ಕಳಿಸಿದವನಲ್ಲ. ಒಂದು ಬೇಸಗೆ, ಗಿಡಗಳು ಒಣಗುತ್ತವೆ ಎಂದು ನಾನು ಬಾವಿಯ ಗೇಟಿಗೆ ಬೀಗ ಹಾಕಿದೆ. ಓಣಿಯ ಮುದುಕಿಯೊಬ್ಬಳು ಕೊಡ ಹಿಡಿದು ಬಂದು, ಬೀಗ ನೋಡಿ, “ನಿನಗ ಅಜ್ಜನ ಹೆಸರ ಇಟ್ಟಾರಲ್ಲೋ ಯಪ್ಪಾ” ಅಂದಳು. ಬೈಯಲಿಲ್ಲ, ತಿರುಗಿ ಹೋದಳು. ಅಂದು ಸಂಜೆಯೇ ಬೀಗ ತೆಗೆದೆ. ನಾಲ್ಕು ಗಿಡ ಒಣಗಿದವು, ಸುಳ್ಳು ಹೇಳಲಾರೆ.

ಹೆಸರು ಗುಣ ಕೊಡುವುದಿಲ್ಲ. ಆದರೆ ಪ್ರಶ್ನೆ ಕೇಳುತ್ತದೆ. ಅದು ಹಿರಿಯರು ಬಿಟ್ಟುಹೋದ ಸ್ವತ್ತಲ್ಲ, ನಮ್ಮ ತಲೆಯ ಮೇಲಿನ ಸಾಲ. ತೀರಿಸಿದಷ್ಟು ದಿನ ಹೆಸರು ನಮ್ಮದು.